ಗದ್ದಕ್ಕೂ ಗ್ರಹಣಕ್ಕೂ ಎಲ್ಲಿಯ ನಂಟು

ರಶ್ಮಿ, ನಿನ್ನ ಮೆಸೇಜ್ ಎರಡು ಸಲ ಓದಿದೆ ಕಣೇ. ಟೈಪ್ ಮಾಡೋಕೆ ಬೆರಳು ಬಗ್ಗಲ್ಲ, ಮಾತಾಡಿದ್ದನ್ನೇ ಫೋನ್ ಬರೆದುಕೊಳ್ಳುತ್ತಿದೆ. ಪಾಪುವಿನ ಗದ್ದ ಚಿಕ್ಕದು, ಕಿವಿ ಮಡಚಿದ ಹಾಗಿದೆ, ರಿಪೋರ್ಟಿನಲ್ಲಿ ಇಎಫ್‌ಟಿಯುಡಿ2 ಅನ್ನೋ ಜೀನ್‌ನಲ್ಲಿ ದೋಷ ಅಂತ ಬಂದಿದೆ. "ಸೆಪ್ಟೆಂಬರ್ 7ರ ಗ್ರಹಣದ ರಾತ್ರಿ ಸೇಬು ಹೆಚ್ಚಿದ್ದೆ, ಅದಕ್ಕೇನಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಈ ಮಾತು ನಿನ್ನ ಕಿವಿಗೆ ಹಾಕಿದವರು ಇದೇ ಗ್ರೂಪಿನಲ್ಲಿದ್ದಾರೆ, ಅವರೂ ಕೇಳಲಿ. ಬಾಣಂತಿ ಮುಂದೆ ಗ್ರಹಣದ ಮಾತು ಎತ್ತಬೇಡಿ.

ನಮ್ಮ ಗಿರಿ ಹುಟ್ಟಿದ್ದು 1980ರ ಆಗಸ್ಟ್ ಮೊದಲ ವಾರ. ಅದೇ ವರ್ಷ ಫೆಬ್ರವರಿ 16ಕ್ಕೆ ಪೂರ್ಣ ಸೂರ್ಯಗ್ರಹಣ. ನಿಮ್ಮ ದೊಡ್ಡಪ್ಪನಿಗೆ ಆಗ ಅಂಕೋಲೆಗೆ ವರ್ಗವಾಗಿತ್ತು. ಮಧ್ಯಾಹ್ನ ಮೂರೂವರೆ ದಾಟಿತ್ತು, ಕೋಳಿಗಳು ಗೂಡು ಸೇರಿದ್ದವು. ನಾನು ಹಿತ್ತಲ ಬಾಗಿಲಲ್ಲಿ ಈಳಿಗೆಮಣೆ ಹಾಕಿಕೊಂಡು ಹೀರೇಕಾಯಿ ಹೆಚ್ಚುತ್ತಿದ್ದೆ. ಅಷ್ಟೇ. ಗಿರಿಗೆ ಅಂಗುಳು ಸೀಳಿತ್ತು, ಕುಡಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಹೀರೇಕಾಯಿ ಕಥೆ ಊರೆಲ್ಲಾ ಸುತ್ತಿತು. ಟಾರ್ಚ್ ಹಾಕಿ ಮಗುವಿನ ಬಾಯಿ ನೋಡಿದವರು ಒಬ್ಬರೂ ಇಲ್ಲ, ಗ್ರಹಣಶಾಂತಿ ಮಾಡಿಸಿದರು. ಆಪರೇಷನ್ ಆಗಿದ್ದು ಐದನೇ ವರ್ಷಕ್ಕೆ. ಅಷ್ಟರಲ್ಲಿ ಕಿವಿಯೊಳಗೆ ನೀರು ತುಂಬಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಶಾಲೆಯಲ್ಲಿ "ದಡ್ಡ" ಅನ್ನಿಸಿಕೊಂಡ. ಗ್ರಹಣದ ಹೊತ್ತಿಗೆ ನನಗೆ ನಾಲ್ಕನೇ ತಿಂಗಳು, ಅಂಗುಳು ಕೂಡಿಕೊಳ್ಳೋದು ಮೂರು ತಿಂಗಳೊಳಗೆ. ಹೇಳಿದರೆ ಯಾರು ಕೇಳಬೇಕು? ಆ ಶಾಂತಿಗೆ ಅಡ ಇಟ್ಟ ನನ್ನ ಎರಡೆಳೆ ಸರ ಆಮೇಲೆ ನಾದಿನಿ ಮದುವೆಯಲ್ಲಿ, ಅವಳ ಕೊರಳಲ್ಲೇ ಕಂಡಿತು! ಇರಲಿ ಬಿಡು. ಬಾಣಂತಿ ಮುಂದೆ ಗ್ರಹಣ ಅನ್ನಬೇಡಿ, ಅಷ್ಟೇ.

ಕತ್ತರಿಸಿದ್ದೇ ತಪ್ಪು ಅಂತಾರಲ್ಲ? ಹೌದು, ಕತ್ತರಿಸೋದರಲ್ಲೇ ಹೆಚ್ಚುಕಡಿಮೆ ಆಗಿರೋದು, ಆದರೆ ನಿನ್ನ ಚಾಕುವಿನಲ್ಲಲ್ಲ. ಮೂವತ್ತು ವರ್ಷ ಬಯಾಲಜಿ ಪಾಠ ಮಾಡಿದ್ದೇನೆ, ಕೇಳು. ಜೀನ್‌ನಿಂದ ಆರ್‌ಎನ್‌ಎ ನಕಲು ಆಗುತ್ತದೆ. ಅದರ ನಡುವೆ ಬೇಡದ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸೋದು ಸ್ಪ್ಲೈಸಿಂಗ್. ಅದನ್ನು ಮಾಡುವ ಯಂತ್ರದ ಒಂದು ಭಾಗಕ್ಕೆ ಇಎಫ್‌ಟಿಯುಡಿ2 ಬೇಕು. ಪಾಪುವಿನಲ್ಲಿ ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ. ಈ ಜೀನ್‌ಗೂ ಇಂಥ ಗದ್ದ, ಕಿವಿಗೂ ಇರೋ ನಂಟು ಗೊತ್ತಾಗಿದ್ದೇ 2012ರಲ್ಲಿ. ಯಂತ್ರ ಮೈಯೆಲ್ಲಾ ಇದ್ದರೂ ಪೆಟ್ಟು ಮುಖಕ್ಕೇ ಜಾಸ್ತಿ ಯಾಕೆ ಅಂದರೆ, ನಾಲ್ಕನೇ ವಾರದ ಸುಮಾರಿಗೆ ತಲೆಯ ಹಿಂಬದಿಯಿಂದ ಇಳಿದು ಬಂದು ದವಡೆ, ಕಿವಿಯ ಮೂಳೆ ಕಟ್ಟುವ ಕೋಶಗಳಿಗೆ ಸಿಕ್ಕಾಪಟ್ಟೆ ಅವಸರ. ಸ್ಪ್ಲೈಸಿಂಗ್ ಕೆಟ್ಟರೆ ಆ ಕೋಶಗಳು ಸಾಯುತ್ತವೆ ಅಂತ ಇಲಿಗಳಲ್ಲಿ ನೋಡಿದ್ದಾರೆ. ನೀನು ಸೇಬು ಹೆಚ್ಚಿದಾಗ ನಿನಗೆ ಐದು ತಿಂಗಳು. ಗದ್ದ ಎಂದೋ ಆಗಿಹೋಗಿತ್ತು ಕಣೇ.

ಅಯ್ಯೋ, ಮುಖ್ಯ ಮಾತೇ ಮರೆತೆ ನೋಡು. ಕಿವಿ ಪರೀಕ್ಷೆ, ಬೆರಾ ಅಂತಾರೆ, ಅದನ್ನು ಈ ತಿಂಗಳೇ ಮಾಡಿಸು. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ನಾನೂ ಬರುತ್ತೇನೆ. ಗದ್ದ ಚಿಕ್ಕದಿದ್ದರೆ ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿಗೆ ಅಡ್ಡ ಬರಬಹುದು, ಹೇಗೆ ಮಲಗಿಸಬೇಕು ಅಂತ ಡಾಕ್ಟರನ್ನೇ ಕೇಳು. ಗೊರಗೊರ ಅಂದರೆ, ಎದೆ ಒಳಕ್ಕೆ ಸೆಳೆದರೆ, ಕಾಯಬೇಡ, ಆಸ್ಪತ್ರೆಗೆ ಹೊರಡು. ಈ ಜೀನ್‌ಗೆ ನಿಮ್ಮಿಬ್ಬರ ರಕ್ತಪರೀಕ್ಷೆಯೂ ಆಗಲಿ. ಜಾಸ್ತಿ ಮಕ್ಕಳಲ್ಲಿ ಈ ದೋಷ ಹೊಸದಾಗಿ ಬಂದಿರುತ್ತದೆ, ಆದರೆ ನಿಮ್ಮಲ್ಲೊಬ್ಬರಿಗಿದ್ದರೆ ಮುಂದಿನ ಸಲವೂ ಅರ್ಧಕ್ಕರ್ಧ ಸಾಧ್ಯತೆ. ಅಂಗುಳಿಗೆ ಟಾರ್ಚ್ ಹಾಕಿ ನೋಡಿದ್ದಾರಾ? ರಾತ್ರಿ ಫೋನ್ ಮಾಡಿ ಹೇಳು, ಒಂಬತ್ತರೊಳಗೆ.