ಹೊಲದ ಕೆಲಸಕ್ಕೆ ಸೇರಬೇಕು, ಸಲಿಕೆ ಹಿಡಿದೂ ಗೊತ್ತಿಲ್ಲ: ಮಾಡಿದವರು ಹೇಳಿ

ಕೇಳಿದವರು

ನನಗೆ 27 ವರ್ಷ. ಆರು ವರ್ಷ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹೊಲದಲ್ಲೋ ದನಗಳ ಫಾರ್ಮಿನಲ್ಲೋ ಆಳಾಗಿ ದುಡಿಯಬೇಕು ಅಂತಿದೆ. ಮನೆಯಲ್ಲಿ ಯಾರಿಗೂ ಜಮೀನಿಲ್ಲ. ಕೆಲಸ ಎಲ್ಲಿ ಕೇಳಬೇಕು? ಅನುಭವ ಇಲ್ಲದವರನ್ನು ಇಟ್ಟುಕೊಳ್ಳುತ್ತಾರಾ? ದಿನವಿಡೀ ಏನು ಮಾಡಿಸುತ್ತಾರೆ? ಮೈಯಲ್ಲಿ ಅಂಥ ಕಸುವಿಲ್ಲ, ಅದೇ ದೊಡ್ಡ ಭಯ.

ತರಕಾರಿ, ಹಣ್ಣಿನ ತೋಟಗಳಲ್ಲಿ ಹನ್ನೊಂದು ವರ್ಷ ದುಡಿದವರು

ಮೊದಲು ಭಯದ ಮಾತು. ಕಸುವು ಬೇಡ ಅನ್ನಲ್ಲ. ಆದರೆ ನಾನು ನೋಡಿದ ಹಾಗೆ ಮೊದಲ ವಾರವೇ ಬಿಟ್ಟು ಹೋದವರಲ್ಲಿ ಗಟ್ಟಿಮುಟ್ಟಾದ ಹುಡುಗರೇ ಜಾಸ್ತಿ. ಬಂದ ದಿನವೇ ಎಲ್ಲರನ್ನೂ ಹಿಂದೆ ಹಾಕಬೇಕು ಅಂತ ಸಾಲು ಹಿಡಿದು ಓಡುತ್ತಾರೆ. ಮಧ್ಯಾಹ್ನಕ್ಕೆ ಬದುವಿನ ಮೇಲೆ ಕೂತಿರುತ್ತಾರೆ. ಪಕ್ಕದ ಸಾಲಿನಲ್ಲಿ ಅರವತ್ತು ದಾಟಿದ ಅಜ್ಜಿ ಒಂದೇ ಹದದಲ್ಲಿ ಕಳೆ ತೆಗೆಯುತ್ತಾ ಅವರನ್ನು ದಾಟಿ ಹೋಗಿರುತ್ತಾರೆ. ಆ ಅಜ್ಜಿಯ ಹಿಂದೆ ಇರಿ. ಅವರು ಕುಡಗೋಲು ಹೇಗೆ ಹಿಡಿಯುತ್ತಾರೆ, ಯಾವಾಗ ಸೊಂಟ ನೆಟ್ಟಗೆ ಮಾಡುತ್ತಾರೆ ಅನ್ನೋದನ್ನು ನೋಡಿ ಕಲಿಯಿರಿ.

ಕೆಲಸ ಕೇಳೋಕೆ ಒಂದು ಹೊತ್ತಿದೆ. ಕೊಯ್ಲಿಗೆ ಎರಡು ಮೂರು ವಾರ ಇರುವಾಗ ಹೋಗಿ. ಆಗ ಯಜಮಾನರಿಗೆ ಆಳು ಸಾಲದು ಅನ್ನೋ ಚಿಂತೆ ಶುರುವಾಗಿರುತ್ತದೆ. ಕೊಯ್ಲು ಮುಗಿದ ಮೇಲೆ ಹೋದರೆ ಎಷ್ಟು ಒಳ್ಳೆಯವರಾದರೂ "ಮುಂದಿನ ಬೆಳೆಗೆ ನೋಡೋಣ" ಅಂತಾರೆ. ಫೋನ್ ಮಾಡೋದಕ್ಕಿಂತ ನೇರವಾಗಿ ಹೋಗೋದು ಮೇಲು. ಯಾರಿಗೆ ಆಳು ಬೇಕು ಅನ್ನೋದು ಬೀಜ ಗೊಬ್ಬರದ ಅಂಗಡಿಯವರಿಗೆ, ಪಶುವೈದ್ಯರಿಗೆ, ಸಸಿ ನರ್ಸರಿಯವರಿಗೆ, ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೆ ಗೊತ್ತಿರುತ್ತದೆ. ನನ್ನ ಮೊದಲ ಕೆಲಸ ಸಿಕ್ಕಿದ್ದು ಪಂಕ್ಚರ್ ಹಾಕುವವರ ಬಾಯಿಂದ.

ಹೊಸಬರಿಗೆ ನರ್ಸರಿ, ಹಣ್ಣು ವಿಂಗಡಿಸುವ ಶೆಡ್ಡು, ಕೊಯ್ಲು, ಈ ಮೂರರಲ್ಲಿ ಬಾಗಿಲು ಬೇಗ ತೆರೆಯುತ್ತದೆ. ಇನ್ನೊಂದು ಮಾತು, ನಿಮ್ಮ ಲೆಕ್ಕದ ಕೆಲಸವನ್ನು ಮುಚ್ಚಿಡಬೇಡಿ. ಎಷ್ಟು ಕ್ರೇಟ್ ಹೋಯಿತು, ಯಾವ ತಾಕಿಗೆ ಯಾವತ್ತು ಯಾವ ಔಷಧಿ ಹೊಡೆದರು, ಯಾವ ಹಸುವಿಗೆ ಯಾವಾಗ ಇಂಜೆಕ್ಷನ್ ಆಯಿತು ಅಂತ ನೆಟ್ಟಗೆ ಬರೆದಿಡುವ ಆಳು ಸಿಗೋದು ಅಪರೂಪ.

ಕೆಲಸ ಅಂದರೆ ಏನು? ಮುಕ್ಕಾಲು ಪಾಲು ಒಂದೇ ಕೆಲಸವನ್ನು ಸಾವಿರ ಸಲ ಮಾಡೋದು. ಸಸಿ ನೆಡೋದು, ಕೋಲು ಊರೋದು, ಬಳ್ಳಿ ಕಟ್ಟೋದು, ಕಳೆ, ಕೊಯ್ಲು. ನೋಡೋಕೆ ಸುಲಭ. ಟೊಮೆಟೊ ಕೀಳೋದನ್ನೇ ತಗೊಳ್ಳಿ. ಹಣ್ಣಿನಿಂದ ಸ್ವಲ್ಪ ಮೇಲೆ ತೊಟ್ಟಿನಲ್ಲಿ ಒಂದು ಗಂಟು ಇರುತ್ತದೆ. ಅಲ್ಲಿ ಹೆಬ್ಬೆರಳು ಒತ್ತಿ ಹಣ್ಣನ್ನು ಮೇಲಕ್ಕೆ ಮಣಿಸಿದರೆ ಟಕ್ ಅಂತ ಬರುತ್ತದೆ. ಎಳೆದರೆ ರೆಂಬೆ ಸಮೇತ ಬರುತ್ತದೆ. ಕ್ರೇಟಿಗೆ ಎಸೆದರೆ ಒಂದರ ತೊಟ್ಟು ಇನ್ನೊಂದನ್ನು ಚುಚ್ಚುತ್ತದೆ, ಸಂಜೆಗೆ ಕ್ರೇಟಿನ ತಳ ಒದ್ದೆ. ಮೊದಲ ದಿನ ನಾನು ಹಾಗೆ ಹಾಳು ಮಾಡಿದ ಹಣ್ಣನ್ನು ಯಜಮಾನರು ಏನೂ ಅನ್ನದೆ ನನ್ನ ಕೈಯಲ್ಲೇ ಆರಿಸಿ ತೆಗೆಸಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಹನಿ ನೀರಾವರಿ ಇರುವ ಕಡೆ ಸಾಲು ನೋಡಿಕೊಂಡು ಬರುವ ಕೆಲಸ ಹೊಸಬರಿಗೇ ಬರುತ್ತದೆ. ಸುಮ್ನೆ ಸುತ್ತಾಡೋದಲ್ಲ ಅದು. ಯಾವ ಗಿಡದ ಬುಡ ಒಣಗಿದೆ, ಎಲ್ಲಿ ಇಲಿ ಪೈಪು ಕಡಿದಿದೆ, ನೀರು ತೊಟ್ಟಿಕ್ಕುವ ಯಾವ ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕಟ್ಟಿದೆ ಅಂತ ನೋಡಬೇಕು. ಪೈಪಿನ ತುದಿಯ ಮುಚ್ಚಳ ಬಿಚ್ಚಿ ನೀರು ಬಿಟ್ಟರೆ ಮೊದಲು ಕೆಸರು ಬರುತ್ತದೆ. ತಿಳಿ ನೀರು ಬರುವ ತನಕ ಬಿಡಿ.

ಹೈನುಗಾರಿಕೆಯಲ್ಲಿರುವವರು

ಮೇಲಿನವರ ಕೆಲಸಕ್ಕೆ ಋತುವಿದೆ. ನಮ್ಮದಕ್ಕೆ ಇಲ್ಲ. ದಿನಕ್ಕೆ ಎರಡು ಹೊತ್ತು, ವರ್ಷಪೂರ್ತಿ. ನಿಮಗೆ ಜ್ವರ ಅಂತ ಹಸುವಿನ ಕೆಚ್ಚಲು ಕಾಯಲ್ಲ. ಅದಕ್ಕೇ ಇಲ್ಲಿ ವರ್ಷವಿಡೀ ಆಳು ಬೇಕು, ಹೊಸಬರಿಗೆ ಕಾಯಂ ಕೆಲಸ ಬೇಗ ಸಿಗುವ ಜಾಗವೂ ಇದೇ. ಬೆಳಿಗ್ಗೆ ಹೊತ್ತಿಗೆ ಮುಂಚೆ ಏಳೋದು ಆಗದಿದ್ದರೆ ಬರಲೇಬೇಡಿ.

ಹಾಲು ಕರೆಯೋದರಲ್ಲಿ ಆತುರವೂ ಬೇಕು, ಸಮಾಧಾನವೂ ಬೇಕು. ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಅದರ ಜೋರು ಐದಾರು ನಿಮಿಷ ಅಷ್ಟೇ. ಅಷ್ಟರಲ್ಲಿ ಕರೆದು ಮುಗಿಸಬೇಕು. ನಡುವೆ ಯಾರಾದರೂ ಕೂಗಾಡಿದರೆ, ಹೊಡೆದರೆ, ಹಸು ಬೆದರಿ ಹಾಲು ತಡೆಯುತ್ತದೆ. ಮೊದಲ ಎರಡು ಮೂರು ಧಾರೆ ಬೇರೆ ಬಟ್ಟಲಿಗೆ ಹಿಂಡಿ ನೋಡಿ. ಗರಣೆ ಗರಣೆಯಾಗಿದ್ದರೆ ಅಥವಾ ನೀರಾಗಿದ್ದರೆ ಕೆಚ್ಚಲು ಬಾವಿನ ಅನುಮಾನ ಇಟ್ಟುಕೊಳ್ಳಿ. ಆ ಹಾಲು ಡಬ್ಬಕ್ಕೆ ಹೋಗಬಾರದು, ಆ ಹಸುವನ್ನು ಕೊನೆಗೆ ಕರೆಯಬೇಕು. ಕೈಯಿಂದ ಕರೆಯುವುದಾದರೆ ಪೂರ್ತಿ ಮುಷ್ಟಿಯಲ್ಲಿ ಹಿಂಡಿ. ಹೆಬ್ಬೆರಳು ಮಡಚಿ ಅದರ ಗೆಣ್ಣಿನಿಂದ ಒತ್ತುವವರಿದ್ದಾರೆ, ಬೇಗ ಆಗುತ್ತದೆ ಅಂತ. ಮೊಲೆಗೆ ಒಳಗೇ ಗಾಯವಾಗುತ್ತದೆ, ಕಲಿಯಬೇಡಿ.

ಕರು ಹುಟ್ಟಿದ ಮೇಲೆ ಮೊದಲ ಕೆಲವು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲೇಬೇಕು. ರೋಗ ತಡೆಯುವ ಶಕ್ತಿ ಕರುವಿಗೆ ಸಿಗೋದು ಅದರಿಂದಲೇ. ಒಂದು ದಿನ ಕಳೆದರೆ ಅದರ ಕರುಳು ಆ ಶಕ್ತಿಯನ್ನು ಹೀರಿಕೊಳ್ಳಲ್ಲ. ರಾತ್ರಿ ಎರಡಕ್ಕೆ ಹುಟ್ಟಿದರೆ ರಾತ್ರಿ ಎರಡಕ್ಕೇ ಏಳಬೇಕು.

ಇನ್ನೊಂದು ಕೆಲಸ ಯಾರೂ ಹೇಳಿಕೊಡಲ್ಲ, ಅದು ನೋಡುತ್ತಾ ಇರೋದು. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಇರೋದು ಒಂದು ದಿನಕ್ಕೂ ಕಡಿಮೆ. ಬೇರೆ ಹಸು ಮೇಲೇರಿದಾಗ ಕದಲದೆ ನಿಲ್ಲುತ್ತದೆ, ಹಿಂದೆ ಗಾಜಿನಂಥ ಲೋಳೆ ಇಳಿಯುತ್ತದೆ, ಮೇವು ಬಿಟ್ಟು ಕೂಗುತ್ತದೆ. ಬೆಳಿಗ್ಗೆ ಕಂಡರೆ ಸಂಜೆ ಗರ್ಭಧಾರಣೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ನೀವು ಗಮನಿಸದಿದ್ದರೆ ಮೂರು ವಾರ ಹೋಯಿತು. ಸಗಣಿ ಬಾಚುತ್ತಾ ಇದನ್ನು ಕಂಡು ಹೇಳುವ ಆಳನ್ನು ಯಾವ ಯಜಮಾನನೂ ಕಳಿಸಲ್ಲ.

ಕರು ಹಾಕಿದ ಮೇಲೆ ಬೀಳುವ ಮಾಸನ್ನು, ಕಂದು ಹಾಕಿದ (ದಿನ ತುಂಬದೆ ಬಿದ್ದ) ಕರುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲೋಸಿಸ್ ಅನ್ನೋ ದನಗಳ ರೋಗ ಮನುಷ್ಯರಿಗೂ ಅಂಟುತ್ತದೆ. ಜ್ವರ ಬಂದು ಹೋಗಿ, ಬಂದು ಹೋಗಿ, ಕೀಲು ನೋವು ತಿಂಗಳುಗಟ್ಟಲೆ ಹಿಡಿದುಬಿಡುತ್ತದೆ. ನನಗೆ ಬಂದಿತ್ತು. ಆಗ ಇದ್ದ ಫಾರ್ಮಿನಲ್ಲಿ ಕೈಗವಸು ಕೇಳಿದ್ದಕ್ಕೆ ನಕ್ಕಿದ್ದರು.

ಕಬ್ಬಿಣ, ಎಂಜಿನ್ ಕಡೆಯವರು

ನಾನು ಬರೀ ಅಪಾಯದ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಕಟ್ಟಡ, ಗಣಿ, ಬೇಸಾಯ, ಈ ಮೂರನ್ನು ಅತಿ ಅಪಾಯದ ಕೆಲಸಗಳು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳುತ್ತದೆ. 2001ರಲ್ಲಿ ಬೇಸಾಯದ ಸುರಕ್ಷತೆಗೆ ಅಂತಲೇ ಒಂದು ಒಪ್ಪಂದ ಮಾಡಿದ್ದಾರೆ.

ಎಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡೋಕೆ ಟ್ರ್ಯಾಕ್ಟರ್ ಹಿಂದೆ ತಿರುಗುವ ಪಿಟಿಒ ಶಾಫ್ಟ್ ಅನ್ನೋ ದಂಡ ಇದೆಯಲ್ಲ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಅಂದರೆ ಸೆಕೆಂಡಿಗೆ ಒಂಬತ್ತು. ಅಂಗಿಯ ತುದಿ ಸಿಕ್ಕಿಕೊಂಡರೆ "ಅಯ್ಯೋ" ಅನ್ನೋದರೊಳಗೆ ಮುಗಿದಿರುತ್ತದೆ. ಮೇಲಿನ ಕವಚ ಒಡೆದಿದ್ದರೆ ಹತ್ತಿರ ಹೋಗಬೇಡಿ. ಅದರ ಮೇಲೆ ಕಾಲು ದಾಟಿಸಬೇಡಿ, ಎಂಜಿನ್ ನಿಲ್ಲಿಸಿ ಸುತ್ತಿ ಬನ್ನಿ. ಲುಂಗಿ, ಟವೆಲ್, ದುಪಟ್ಟಾ, ಬಿಚ್ಚಿದ ಕೂದಲು, ಯಾವುದೂ ಬೇಡ. ಸಿಕ್ಕಿಕೊಂಡ ಗಾಡಿ ಎಳೆಯುವಾಗ ಸರಪಳಿಯನ್ನು ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ, ಅಂದರೆ ಡ್ರಾಬಾರಿಗೇ ಹಾಕಿ. ಅದಕ್ಕಿಂತ ಎತ್ತರದಲ್ಲಿ ಕಟ್ಟಿದರೆ ಮುಂದಿನ ಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೇ ಮಗುಚುತ್ತದೆ. ಮಡ್‌ಗಾರ್ಡ್ ಮೇಲೆ ಕೂತು ಸವಾರಿ ಮಾಡೋದು ಎಲ್ಲರೂ ಮಾಡುತ್ತಾರೆ. ನೀವು ಮಾಡಬೇಡಿ.

ಸಗಣಿ ಗುಂಡಿ, ಸ್ಲರಿ (ಸಗಣಿ ನೀರು) ತುಂಬುವ ಮುಚ್ಚಿದ ತೊಟ್ಟಿ. ಅದರೊಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯಲ್ಲ, ಅಲ್ಲೇ ಇರೋದು ಮೋಸ. ಒಬ್ಬರು ಬಿದ್ದರು ಅಂತ ಇನ್ನೊಬ್ಬರು ಇಳಿಯುತ್ತಾರೆ, ಅವರನ್ನು ಎತ್ತಲು ಮೂರನೆಯವರು. ಇಳಿಯಲೇಬೇಡಿ. ಹೊರಗಿನಿಂದ ಸಹಾಯ ಕರೆಯಿರಿ.

ಔಷಧಿ ಹೊಡೆಯುವ ಕೆಲಸ ಕೊಟ್ಟರೆ ಡಬ್ಬದ ಮೇಲಿನ ಚೀಟಿ ಓದಿ. ವಿಷ ಮೂಗಿಗಿಂತ ಚರ್ಮದಿಂದ ಜಾಸ್ತಿ ಒಳಗೆ ಹೋಗುತ್ತದೆ. ಔಷಧಿ ಚಿಮ್ಮುವ ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬೇಡಿ. ಆ ಬಟ್ಟೆ ಮನೆಯವರ ಬಟ್ಟೆ ಜೊತೆ ಒಗೆಯಬೇಡಿ. ಹೊಡೆದ ಮೇಲೆ ಎಷ್ಟು ಹೊತ್ತು ಆ ತಾಕಿಗೆ ಕಾಲಿಡಬಾರದು ಅಂತಲೂ ಆ ಚೀಟಿಯಲ್ಲೇ ಬರೆದಿರುತ್ತಾರೆ.

ಕೇಳಿದವರು

ಓದಿ ಹೆದರಿಕೆ ಒಂದು ಕಡೆ ಕಡಿಮೆಯಾಯಿತು, ಇನ್ನೊಂದು ಕಡೆ ಹೆಚ್ಚಾಯಿತು! ಕೂಲಿ ವಿಷಯ ಹೇಗೆ ಮಾತಾಡೋದು? ಮುಜುಗರ ಆಗುತ್ತದೆ. ಊಟ, ರೂಮು ಕೊಟ್ಟು ಕೆಲಸ ಕಲಿಸುವ ಕಡೆ ಸೇರಬಹುದಾ?

ತೋಟ ನಡೆಸುವವರು, ಆಳು ಇಟ್ಟುಕೊಳ್ಳುವ ಕಡೆಯಿಂದ

ಮುಜುಗರ ನಮಗೂ ಇರುತ್ತದೆ, ಅದಕ್ಕೇ ಹಲವರು ಮಾತಾಡದೆ ಜಾರಿಸುತ್ತಾರೆ. ನೀವು ಜಾರಲು ಬಿಡಬೇಡಿ. ದಿನಗೂಲಿಯೋ, ತಿಂಗಳ ಸಂಬಳವೋ, ಕ್ರೇಟಿಗಿಷ್ಟು ಅಂತಲೋ? ಹೊತ್ತು ಎಷ್ಟರಿಂದ ಎಷ್ಟಕ್ಕೆ? ಮಳೆ ಬಂದು ಅರ್ಧಕ್ಕೆ ನಿಂತರೆ ಆ ದಿನದ ಕೂಲಿ ಏನು? ವಾರದ ರಜೆ ಯಾವತ್ತು? ರೂಮು ಕೊಟ್ಟರೆ ಅದಕ್ಕೆ ಹಣ ಹಿಡಿಯುತ್ತಾರಾ? ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಇಷ್ಟನ್ನು ಮೊದಲ ದಿನವೇ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಕೆಲಸ ಮಾಡೋದು ಬೇಡ, ಸಂಬಳದ ದಿನವೂ ಅವರಿಗೆ ಸಿಟ್ಟು ಬರುತ್ತದೆ. ಲೆಕ್ಕ ಬರೆದವರು ನೀವು, ಒಂದು ಸಣ್ಣ ಪುಸ್ತಕದಲ್ಲಿ ದಿನ, ಹೊತ್ತು, ಕ್ರೇಟ್ ಬರೆದು ವಾರಕ್ಕೊಮ್ಮೆ ತೋರಿಸಿ.

ನಾನು ಹೊಸಬರಲ್ಲಿ ಏನು ನೋಡುತ್ತೇನೆ ಗೊತ್ತಾ? ಗೇಟು. ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು. ತುಂಬಾ ಚುರುಕಿನ ಹುಡುಗ ಒಬ್ಬ ಬಂದಿದ್ದ. ಎರಡನೇ ದಿನ ಗೇಟು ಹಾಕೋದು ಮರೆತ. ಇಪ್ಪತ್ತು ದನ ಜೋಳಕ್ಕೆ ನುಗ್ಗಿದವು. ಹಸಿ ತೆನೆ ತಿಂದು ಎರಡು ದನ ಹೊಟ್ಟೆ ಉಬ್ಬರಿಸಿ ಬಿದ್ದವು, ರಾತ್ರಿಯೆಲ್ಲಾ ಡಾಕ್ಟರ ಜೊತೆ ನಿದ್ದೆಗೆಟ್ಟೆವು. ಅವನನ್ನು ಕಳಿಸಲಿಲ್ಲ, ಯಾಕೆಂದರೆ ಬೆಳಿಗ್ಗೆ ತಾನೇ ಬಂದು "ನಾನೇ ಮರೆತೆ" ಅಂದ. ಸಲಿಕೆ ಮುರಿದರೂ ಹೇಳಿ, ಗಿಡ ತುಳಿದರೂ ಹೇಳಿ. ಬಚ್ಚಿಟ್ಟದ್ದು ಆಮೇಲೆ ಹೇಗೂ ತಿಳಿಯುತ್ತದೆ.

ಊಟ, ವಸತಿಗೆ ಬದಲಾಗಿ ಕೆಲಸ ಅಂದರೆ ವೂಫ್ ಅಂತ ಒಂದು ಜಾಲ ಇದೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಸೂ ಕೊಪ್ಪರ್ಡ್ ಅನ್ನೋರು ವಾರಾಂತ್ಯಕ್ಕೆ ಸಾವಯವ ತೋಟಕ್ಕೆ ಹೋಗಿ ಬರುವ ಹಾಗೆ ಶುರು ಮಾಡಿದ್ದು, ಈಗ ಎಷ್ಟೋ ದೇಶಗಳಲ್ಲಿದೆ. ದಿನಕ್ಕೆ ಅರ್ಧ ಹೊತ್ತಿನ ಕೆಲಸ, ದುಡ್ಡಿಲ್ಲ. ಒಗ್ಗುತ್ತಾ ನೋಡೋಕೆ ಒಂದು ತಿಂಗಳು ಸರಿ. ಆದರೆ ಹೊಟ್ಟೆಪಾಡಿಗೆ ಬಂದವರನ್ನು "ಕಲಿಸುತ್ತೇವೆ" ಅಂತ ಪೂರ್ತಿ ಹೊತ್ತು ಪುಕ್ಕಟೆ ದುಡಿಸುವವರೂ ಇದ್ದಾರೆ, ಹುಷಾರು.

ತರಕಾರಿ ತೋಟದವರು, ಮತ್ತೆ

ಬಿಸಿಲಿನ ಮಾತು ಬಿಟ್ಟುಹೋಗಿತ್ತು. ಮೈ ಬಿಸಿಲಿಗೆ ಒಗ್ಗೋಕೆ ಒಂದೆರಡು ವಾರ ಬೇಕು. ಹೊಸಬರು ಮೊದಲ ದಿನ ಪೂರ್ತಿ ಹೊತ್ತಿನ ಐದನೇ ಒಂದು ಭಾಗ ಮಾತ್ರ ಸುಡುಬಿಸಿಲಲ್ಲಿದ್ದು, ದಿನಾ ಅಷ್ಟಷ್ಟೇ ಏರಿಸಬೇಕು ಅನ್ನೋದು ತಿಳಿದವರ ಲೆಕ್ಕ. ಅಷ್ಟು ರಿಯಾಯಿತಿ ಎಲ್ಲಾ ಯಜಮಾನರೂ ಕೊಡಲ್ಲ, ಅದಕ್ಕೇ ತಂಪು ಕಾಲದಲ್ಲಿ ಕೆಲಸಕ್ಕೆ ಸೇರೋದು ಜಾಣತನ. ಬಾಯಾರಲಿ ಅಂತ ಕಾಯದೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಜೊತೆಯವರು ತೊದಲಿದರೆ, ಗೊಂದಲದ ಮಾತಾಡಿದರೆ ಅದು ಸುಸ್ತಲ್ಲ. ನೆರಳಿಗೆ ಎಳೆದು ಮೈಗೆ ನೀರು ಸುರಿದು ಡಾಕ್ಟರನ್ನು ಕರೆಸಿ.

ಕೈಗೆ ಗುಳ್ಳೆ ಬಂದೇ ಬರುತ್ತದೆ. ಒಡೆಯಬೇಡಿ. ಮೂರನೇ ವಾರಕ್ಕೆ ಅಂಗೈ ಜಡ್ಡುಗಟ್ಟುತ್ತದೆ. ಧನುರ್ವಾಯು ಇಂಜೆಕ್ಷನ್ ಮಾತ್ರ ಸೇರುವ ಮುಂಚೆಯೇ ಹಾಕಿಸಿಕೊಳ್ಳಿ.

ಕೇಳಿದವರು

ಒಂದು ಹೈನು ಫಾರ್ಮಿನಲ್ಲಿ ಕೇಳಿದೆ. ಕೂಲಿ, ರಜೆ, ಎಲ್ಲಾ ಬಾಯಿಬಿಟ್ಟು ಕೇಳಿದೆ, ಸಿಟ್ಟಾಗಲಿಲ್ಲ. ಸೋಮವಾರ ಬೆಳಿಗ್ಗೆ ನಾಲ್ಕಕ್ಕೆ ಬನ್ನಿ ಅಂದಿದ್ದಾರೆ. ಹಸು ಒದೆಯುತ್ತಾ? ಮತ್ತೆ ಕಾಲಿಗೆ ಏನು ಹಾಕಿಕೊಳ್ಳಲಿ?

ಹೈನುಗಾರಿಕೆಯಲ್ಲಿರುವವರು

ಒದೆಯುತ್ತದೆ. ನೇರ ಹಿಂದಿನಿಂದ ಹೋಗಬೇಡಿ, ಅಲ್ಲಿ ಅದಕ್ಕೆ ಕಾಣಲ್ಲ. ಪಕ್ಕದಿಂದ, ಮಾತಾಡುತ್ತಾ ಹೋಗಿ, ಮೊದಲು ಬೆನ್ನ ಮೇಲೆ ಕೈ ಇಡಿ. ಹಸುವಿನ ಒದೆ ಮುಂದಕ್ಕೆ, ಪಕ್ಕಕ್ಕೆ ಕೂಡ ಬೀಸುತ್ತದೆ. ಆದ್ದರಿಂದ ಮೈಗೆ ಒತ್ತಿಕೊಂಡೇ ನಿಲ್ಲಿ, ಒಂದು ಮಾರು ದೂರ ನಿಂತರೆ ಪೆಟ್ಟು ಜೋರು.

ಮೊಣಕಾಲುದ್ದದ ರಬ್ಬರ್ ಬೂಟು ತಗೊಳ್ಳಿ, ತಳ ಜಾರದಂಥದ್ದು. ದಪ್ಪ ಕಾಲುಚೀಲ ಎರಡು ಜೊತೆ, ಒಂದು ಒದ್ದೆಯಾಗೋದು ಖಚಿತ. ರಾತ್ರಿ ಬೂಟು ತಲೆಕೆಳಗೆ ನಿಲ್ಲಿಸಿ. ಬೆಳಿಗ್ಗೆ ಹಾಕುವ ಮುಂಚೆ ಒಮ್ಮೆ ನೆಲಕ್ಕೆ ಕುಟ್ಟಿ ಕೊಡವಿ, ರಾತ್ರಿ ಒಳಗೆ ಏನು ಸೇರಿಕೊಂಡಿರುತ್ತೋ ಹೇಳೋಕಾಗಲ್ಲ.