ಹಿಂದಿನ ಜೋಡಿ ಟೈರಲ್ಲಿ ಒಳಗಿನದಕ್ಕೆ ಗಾಳಿ ನೋಡೋದು ಹೇಗೆ? ಅನುಭವ ಇರೋರು ಹೇಳಿ

ಕೇಳಿದವರು: ಮದ್ದೂರು ಕಡೆಯ ಹೊಸ ಲಾರಿ ಮಾಲೀಕ

ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಆರು ಚಕ್ರದ ಲಾರಿ ತಗೊಂಡಿದ್ದೀನಿ. ಟೈರು 10.00 ಆರ್ 20, ಟ್ಯೂಬ್ ಇರೋದು, ಲಾಕ್ ರಿಂಗ್ ಡಿಸ್ಕು (ಟೈರನ್ನ ಕಬ್ಬಿಣದ ರಿಂಗ್ ಹಿಡಿದಿಡೋ ಚಕ್ರ). ಸೀಸನ್ನಲ್ಲಿ ಕಬ್ಬು, ಮಿಕ್ಕ ದಿನ ಬೆಲ್ಲ, ಎಳನೀರು. ಗಾಳಿ ಹೊಡಿಸೋಕೆ ಹೋದಾಗಲೆಲ್ಲ ಮುಂದಿನ ಎರಡಕ್ಕೂ ಹಿಂದೆ ಹೊರಗಿನ ಎರಡಕ್ಕೂ ಹೊಡೀತಾರೆ. ಒಳಗಿನದಕ್ಕೆ ರಾಡಲ್ಲಿ ಒಂದೇಟು ಹಾಕಿ "ಐತೆ ಬಿಡಣ್ಣ" ಅಂತಾರೆ. ಮೊದಲಿನ ಮಾಲೀಕರು 80 ಪಾಯಿಂಟ್ (ಪಿಎಸ್‌ಐ, ಗಾಳಿ ಒತ್ತಡದ ಅಳತೆ) ಸಾಕು ಅಂದಿದ್ರು, ಅಂಗಡೀಲಿ 110 ಅಂತಾರೆ. ಖಾಲಿ ಇದ್ದಾಗ ಇಳಿಸಬೇಕಾ? ಒಳಗಿನದಕ್ಕೆ ಉದ್ದದ ವಾಲ್ವ್ ಪೈಪು ಹಾಕಿಸಲಾ? ತಿಳಿದವರು ಹೇಳಿ.

ಪಾಂಡವಪುರದಿಂದ, ಕಬ್ಬಿನ ಲಾರಿ ಡ್ರೈವರ್

ತಮ್ಮಾ, ಮೊದಲು ಆ ರಾಡ್ ನಂಬೋದು ಬಿಡು. ಟೈರು ಪೂರ್ತಿ ಕೂತಿದ್ರೆ ಮಾತ್ರ ರಾಡಿನ ಸದ್ದಲ್ಲಿ ಗೊತ್ತಾಗುತ್ತೆ. 110 ಇದ್ರೂ ಒಂದೇ ಸದ್ದು, 80 ಇದ್ರೂ ಒಂದೇ ಸದ್ದು. ಕಣ್ಣಲ್ಲಿ ನೋಡಿದ್ರೂ ಅಷ್ಟೇ. ಪಕ್ಕದ ಟೈರು ಲೋಡ್ ಹೊತ್ಕೊಂಡಿರುತ್ತೆ, ಹಾಗಾಗಿ ಗಾಳಿ ಕಮ್ಮಿ ಇರೋದು ಉಬ್ಬಿ ಕಾಣಲ್ಲ. ಜೋಡಿ ಟೈರಿನ ಮೋಸ ಇರೋದೇ ಇಲ್ಲಿ.

ಸ್ವಂತಕ್ಕೆ ಒಂದು ಲಾರಿ ಗೇಜ್ ತಗೋ. ಉದ್ದ ಕಡ್ಡಿ, ತುದೀಲಿ ಎರಡು ಮೂತಿ ಇರೋದು ಸಿಗುತ್ತೆ. ಕಾರಿನ ಗೇಜ್ ಅಲ್ಲಿಗೆ ಎಟಕೋದೂ ಇಲ್ಲ, ಅಷ್ಟು ಪಾಯಿಂಟ್ ತೋರಿಸೋದೂ ಇಲ್ಲ. ಎರಡು ಮೂತಿ ಯಾಕೆ ಅಂದ್ರೆ, ಒಳಗಿನ ಟೈರಿನ ವಾಲ್ವ್ ಹೊರಗಿನ ಡಿಸ್ಕಿನ ತೂತಿನಿಂದ ನಮ್ಮ ಕಡೆ ನೋಡ್ತಿರುತ್ತೆ, ಅದಕ್ಕೆ ನೇರ ಮೂತಿ ಒತ್ತಬೇಕು. ಹೊರಗಿನ ಟೈರಿನ ವಾಲ್ವ್ ಗಾಡಿ ಕಡೆ ಮುಖ ಮಾಡಿರುತ್ತೆ, ಅದಕ್ಕೆ ಹಿಂದಿನ ಮೂತಿ ಸಿಗಿಸಿ ನಮ್ಮ ಕಡೆಗೆ ಎಳೀಬೇಕು. ಗಾಳಿ ಹೊಡೆಯೋ ಪೈಪಿನ ತುದಿಗೂ ಇಂಥದ್ದೇ ಎರಡು ಮೂತಿ ಬರುತ್ತೆ. ಅಂಗಡೀಲಿ ಅದು ಇಲ್ಲ ಅಂದ್ರೆ ಒಳಗಿನದಕ್ಕೆ ಹೊಡೆಯೋಕೆ ಅವರಿಗೂ ಕಷ್ಟಾನೇ, ರಾಡ್ ತಗೊಳ್ಳೋದು ಅದಕ್ಕೇನೆ.

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ನೋಡು. ಓಡಿಸಿ ನಿಲ್ಲಿಸಿದ್ರೆ ಮೂರು ಗಂಟೆಯಾದರೂ ಆರಬೇಕು. ಫ್ಯಾಕ್ಟರಿ ಯಾರ್ಡಲ್ಲಿ ರಾತ್ರಿಯೆಲ್ಲ ಸಾಲಲ್ಲಿ ನಿಂತಿರ್ತೀವಲ್ಲ, ಬೆಳಗಿನ ಜಾವ ನೋಡೋಕೆ ಅದಕ್ಕಿಂತ ಒಳ್ಳೇ ಹೊತ್ತಿಲ್ಲ. ಲೋಡ್ ಇದೆ ಅಂತ ಯೋಚನೆ ಬೇಡ, ಭಾರ ಕೂತ ಮಾತ್ರಕ್ಕೆ ಒಳಗಿನ ಗಾಳಿಯ ಒತ್ತಡ ಹೆಚ್ಚೇನೂ ಏರಲ್ಲ. ಬಿಸಿಲು ಬಿದ್ದ ಕಡೆ ಟೈರು ಮಾತ್ರ ಜಾಸ್ತಿ ತೋರಿಸುತ್ತೆ, ಸೂರ್ಯ ಮೇಲೇರೋದರೊಳಗೆ ಮುಗಿಸು.

ಗದ್ದೆಯಿಂದ ಬಂದ ಗಾಡಿ ಆದ್ರೆ ವಾಲ್ವ್ ಸುತ್ತ ಕೆಸರು ಮೆತ್ತಿರುತ್ತೆ. ಒರೆಸದೆ ಗೇಜ್ ಒತ್ತಿದ್ರೆ ಆ ಮಣ್ಣು ಪಿನ್ನಿಗೆ ಹೋಗಿ ಸಣ್ಣಗೆ ಲೀಕ್ ಶುರುವಾಗುತ್ತೆ. ಆರಕ್ಕೂ ಕ್ಯಾಪ್ ಹಾಕಿಸು, ಒಳಗೆ ರಬ್ಬರ್ ಇರೋ ಲೋಹದ ಕ್ಯಾಪ್.

ಮಂಡ್ಯದಿಂದ, ಪಂಚರ್ ಅಂಗಡಿಯವರು

ಮೇಲಿನ ಅಣ್ಣ ಹೇಳಿದ್ದು ಸರಿ. ಅಂಗಡಿ ಕಡೆಯಿಂದ ನಾನೊಂದಿಷ್ಟು ಸೇರಿಸ್ತೀನಿ.

ವಾಲ್ವ್ ಕೈಗೆ ಸಿಗಲ್ಲ ಅನ್ನೋ ತಾಪತ್ರಯ ಮುಕ್ಕಾಲು ಪಾಲು ಚಕ್ರ ಕೂರಿಸುವಾಗಲೇ ಆಗಿರುತ್ತೆ. ಎರಡು ವಾಲ್ವ್‌ಗಳೂ ಎದುರುಬದುರು ಬರೋ ಹಾಗೆ ಕೂರಿಸಬೇಕು, ಒಂದು ಮೇಲಿದ್ರೆ ಇನ್ನೊಂದು ಕೆಳಗೆ. ಒಳಗಿನದು ಹೊರ ಡಿಸ್ಕಿನ ತೂತಿಗೆ ಸರಿಯಾಗಿ ಬರಬೇಕು. ಮುಂದಿನ ಸಲ ಹಿಂದಿನ ಚಕ್ರ ಬಿಚ್ಚಿದಾಗ ಪಕ್ಕದಲ್ಲೇ ನಿಂತು ಹಾಗೆ ಹಾಕಿಸ್ಕೊಳ್ಳಿ. ನಟ್ಟು ಟೈಟ್ ಆದಮೇಲೆ ಹೇಳಿದ್ರೆ ಯಾರೂ ಮತ್ತೆ ಬಿಚ್ಚಲ್ಲ.

ಹೀಗೆ ಕೂರಿಸಿದ್ರೆ ಉದ್ದದ ಪೈಪು ಬೇಕಾಗೋದೇ ಕಮ್ಮಿ. ಹಾಕಿಸೋದೇ ಆದ್ರೆ ಗಟ್ಟಿ ಲೋಹದ್ದು ಹಾಕ್ಸಿ, ಪ್ಲಾಸ್ಟಿಕ್ ಬೇಡ. ಬಗ್ಗೋ ಪೈಪಾದ್ರೆ ಅದರ ತುದಿಯನ್ನ ಡಿಸ್ಕಿಗೆ ಕ್ಲಿಪ್ ಹಾಕಿ ಹಿಡಿಸಲೇಬೇಕು. ಸುಮ್ನೆ ನೇತಾಡೋಕೆ ಬಿಟ್ರೆ ಚಕ್ರ ತಿರುಗೋ ರಭಸಕ್ಕೆ ಹೊರಕ್ಕೆ ಎಳೆದು, ಅದುರಿ, ಜಾಯಿಂಟಲ್ಲಿ ಗಾಳಿ ಬಿಡುತ್ತೆ. ಹಾಕಿಸಿದ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ.

ಈಗ ಮುಖ್ಯವಾದ ಮಾತು. ದಯವಿಟ್ಟು ಎಲ್ಲರೂ ಓದಿ. ಇರಬೇಕಾದ ಗಾಳಿಯಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಇಳಿದು, ಅದೇ ಸ್ಥಿತೀಲಿ ಲೋಡ್ ಹೊತ್ತು ಓಡಿರೋ ಟೈರಿಗೆ ಗಾಡಿ ಮೇಲೆ ಇಟ್ಟೇ ಗಾಳಿ ಹೊಡೀಬೇಡಿ, ಹೊಡಿಸ್ಬೇಡಿ. ಅಂದ್ರೆ 110 ಇರಬೇಕಾದ್ದು 88ರ ಕೆಳಗಿದ್ರೆ ಅದು ಪಂಚರ್ ಟೈರು ಅಂತಲೇ ಲೆಕ್ಕ. ರೇಡಿಯಲ್ ಟೈರಿನ (ಸೈಜಲ್ಲಿ ಆರ್ ಅಂತ ಇರೋದು, ನಿಮ್ಮದೂ ಅದೇ) ಪಕ್ಕೆಯೊಳಗೆ ಸ್ಟೀಲ್ ಎಳೆ ಇರ್ತವೆ. ಗಾಳಿ ಕಮ್ಮಿ ಇದ್ದಾಗ ಪ್ರತಿ ಸುತ್ತಿಗೂ ಪಕ್ಕೆ ಮಡಚಿ ಬಿಚ್ಚಿ, ಕೈಯಲ್ಲಿ ಬಗ್ಗಿಸಿ ಬಗ್ಗಿಸಿ ತಂತಿ ಮುರಿದ ಹಾಗೆ ಆ ಎಳೆ ಸೋತಿರ್ತವೆ. ಹೊರಗೆ ಏನೂ ಕಾಣಲ್ಲ. ಮತ್ತೆ ಗಾಳಿ ತುಂಬುವಾಗ ಒಂದರ ಹಿಂದೆ ಒಂದು ಕಿತ್ತು ಪಕ್ಕೆ ಸೀಳಿಕೊಂಡು ಸಿಡಿಯುತ್ತೆ. ಮೇಲಿಂದ ನಿಮ್ಮದು ಲಾಕ್ ರಿಂಗ್ ಡಿಸ್ಕು. ಗಾಳಿ ಕಮ್ಮಿಯಾಗಿ ಓಡಿದಾಗ ರಿಂಗ್ ತನ್ನ ಜಾಗದಿಂದ ಅಲುಗಿರಬಹುದು. ಗಾಳಿ ಏರಿದಾಗ ಅದು ಹಾರಿ ಬಡಿದ್ರೆ ಮನುಷ್ಯ ಉಳಿಯಲ್ಲ. ಬಿಚ್ಚಿಸಿ, ಒಳಗೆ ನೋಡಿಸಿ, ರಿಂಗ್ ಸರಿಯಾಗಿ ಕೂರಿಸಿ, ಕಬ್ಬಿಣದ ಪಂಜರದೊಳಗೆ ಇಟ್ಟು ಹೊಡಿಸಿ. ಪಂಜರ ಇಲ್ಲದ ಅಂಗಡೀಲಿ ಇದನ್ನ ಮಾಡಿಸ್ಲೇಬೇಡಿ. ಯಾವಾಗಲೂ ಕ್ಲಿಪ್ ಆಗೋ ಮೂತಿ ಸಿಗಿಸಿ, ಉದ್ದ ಪೈಪ್ ಹಿಡಿದು ದೂರ ನಿಲ್ಲಬೇಕು, ರಿಂಗ್ ಎದುರಿಗಂತೂ ನಿಲ್ಲಲೇಬಾರದು. ನಿಮ್ಮ ಕ್ಲೀನರ್ ಹುಡುಗನಿಗೂ ಇದನ್ನ ಹೇಳಿಕೊಡಿ.

ಮೈಸೂರು ಬಂಡಿಪಾಳ್ಯದಿಂದ, ಟ್ರಾನ್ಸ್‌ಪೋರ್ಟ್ ಆಫೀಸಿನವರು

80ಆ 110ಆ ಅನ್ನೋದಕ್ಕೆ ಉತ್ತರ ಟೈರಿನ ಪಕ್ಕೆ ಮೇಲೇ ಇರುತ್ತೆ. ಅಲ್ಲಿ ಒಂಟಿ ಹಾಕಿದಾಗ ಇಷ್ಟು ಕೆ.ಜಿ., ಜೋಡಿ ಹಾಕಿದಾಗ ಇಷ್ಟು ಕೆ.ಜಿ., ಅದಕ್ಕೆ ತಣ್ಣಗಿದ್ದಾಗ ಇಷ್ಟು ಗಾಳಿ ಅಂತ ಬರೆದಿರ್ತಾರೆ. 16 ಪ್ಲೈ (ಪ್ಲೈ ಅಂದ್ರೆ ಟೈರಿನ ಬಲದ ಅಳತೆ) 10.00 ಆರ್ 20ರಲ್ಲಿ ಸಾಮಾನ್ಯವಾಗಿ 120 ಪಾಯಿಂಟ್ ಹತ್ರ ಇರುತ್ತೆ, ಅದು ಪೂರ್ತಿ ಲೋಡಿಗೆ. ನಿಮ್ಮ ಟೈರಲ್ಲಿ ಇರೋದನ್ನೇ ಓದಿ, ಗಾಡಿ ಕಂಪನಿ ಕೊಟ್ಟ ಪಟ್ಟಿ ಜೊತೆ ತಾಳೆ ನೋಡಿ. ಕಬ್ಬು ಹೊರೋ ಗಾಡಿಗೆ 80 ಯಾವ ಲೆಕ್ಕಕ್ಕೂ ಸಾಲದು.

ಅಲ್ಲೇ 146/143 ಅಥವಾ 149/146 ಅಂತ ಜೋಡಿ ಸಂಖ್ಯೆ ಇರುತ್ತೆ. ಎರಡನೇದು ಜೋಡಿ ಟೈರಿಗೆ. 143 ಅಂದ್ರೆ ಒಂದು ಟೈರಿಗೆ 2,725 ಕೆ.ಜಿ., 146 ಅಂದ್ರೆ 3,000 ಕೆ.ಜಿ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಹಿಂದಿನ ಆಕ್ಸಲ್ಲಿಗೆ ಮಿತಿಯನ್ನ 11.5 ಟನ್ನಿಗೆ ಏರಿಸ್ತು. ನಾಲ್ಕರಿಂದ ಭಾಗಿಸಿ, ಟೈರಿಗೆ 2,875 ಕೆ.ಜಿ. ಬಂತು. 143ರ ಟೈರು ಹಾಕಿದ ಗಾಡಿ ಅಷ್ಟು ಹೊತ್ರೆ, ಗಾಳಿ ಪೂರ್ತಿ ಇದ್ರೂ ಟೈರು ತನ್ನ ಮಿತಿ ದಾಟಿರುತ್ತೆ. ನಿಮ್ಮದು ಹಳೇ ಗಾಡಿ ಆದ್ರೆ ಆರ್‌ಸಿಯಲ್ಲಿ ಹಳೇ ಮಿತಿಯೇ ಇರಬಹುದು, ಅದನ್ನೂ ನೋಡ್ಕೊಳ್ಳಿ. ಅದರ ಮೇಲೆ ಒಳಗಿನದರಲ್ಲಿ ಗಾಳಿ ಇಳಿದ್ರೆ ಅದರ ಪಾಲೂ ಹೊರಗಿನದರ ಮೇಲೇ ಬೀಳುತ್ತೆ. ಹೊರಗಿನ ಟೈರು ಸಿಡೀತು ಅಂತ ಹೊಸದು ಹಾಕಿಸ್ತಾರೆ, ಅದನ್ನ ಕೆಡಿಸಿದ ಒಳಗಿನದು ಹಾಗೇ ಇರುತ್ತೆ.

ಜೋಡಿಯ ಎರಡು ಟೈರಲ್ಲಿ ಐದು ಪಾಯಿಂಟ್‌ಗಿಂತ ಹೆಚ್ಚು ವ್ಯತ್ಯಾಸ ನಾವು ಬಿಡಲ್ಲ. ಗಾಳಿಯಷ್ಟೇ ಎತ್ತರವೂ ಮುಖ್ಯ. ಈ ಸೈಜಿಗೆ ಅಡ್ಡಳತೆಯಲ್ಲಿ 12 ಮಿ.ಮೀ.ವರೆಗೆ ನಡೆಯುತ್ತೆ. ಟೇಪ್ ಸುತ್ತಿ ನೋಡಿದ್ರೆ ಅದು ಸುಮಾರು 38 ಮಿ.ಮೀ. ಆದರೆ ಒಂದು ಹೊಸದು, ಒಂದು ಸವೆದದ್ದು ಹಾಕಿದ್ರೆ ವ್ಯತ್ಯಾಸ ಸಲೀಸಾಗಿ 25 ಮಿ.ಮೀ. ಆಗುತ್ತೆ. ಎರಡೂ ಒಂದೇ ಹಬ್ಬಿಗೆ ಬಿಗಿದಿರೋದ್ರಿಂದ ಸುತ್ತೋದು ಒಟ್ಟಿಗೇ. ಚಿಕ್ಕದು ಹಿಂದೆ ಬಿದ್ದಷ್ಟು ದೂರ ಉಜ್ಜಿಕೊಂಡೇ ಹೋಗಬೇಕು. ಲೆಕ್ಕ ಹಾಕಿದ್ರೆ ಕಿಲೋಮೀಟರಿಗೆ 20 ಮೀಟರ್ ಮೇಲಾಗುತ್ತೆ. ಮಂಡ್ಯದಿಂದ ಮೈಸೂರಿಗೆ ಬರೋದ್ರಲ್ಲಿ ಒಂದು ಕಿಲೋಮೀಟರ್ ಹತ್ರ. ಸ್ವಲ್ಪ ಎತ್ತರದ್ದು ಇದ್ದೇ ಇದೆ ಅಂದ್ರೆ ಅದನ್ನ ಹೊರಗೆ ಹಾಕಿ, ರಸ್ತೆ ಅಂಚಿಗೆ ಇಳಿಜಾರಾಗಿರುತ್ತೆ. ರೇಡಿಯಲ್ ಜೊತೆ ನೈಲಾನ್ ಎಳೆಯ ಟೈರು ಜೋಡಿಸೋದಂತೂ ಬೇಡವೇ ಬೇಡ.

ಕೇಳಿದವರು

ತುಂಬ ಉಪಕಾರ ಆಯ್ತು ಅಣ್ಣಂದಿರೇ. ನನ್ನ ಟೈರಲ್ಲಿ 146/143 ಇದೆ, ಈಗ ನೋಡಿದೆ. ಖಾಲಿ ಓಡಿಸುವಾಗ ಏನ್ ಮಾಡ್ಲಿ? ಮಧ್ಯಾಹ್ನ ಹೈವೇಲಿ ನಿಲ್ಲಿಸಿ ನೋಡಿದ್ರೆ ಏರಿರುತ್ತಂತೆ, ಬಿಡಬೇಕಾ?

ಶ್ರೀರಂಗಪಟ್ಟಣದಿಂದ, ಎಂ ಸ್ಯಾಂಡ್ ಗಾಡಿ ಮಾಲೀಕರು

ಬಿಸಿ ಟೈರಿಂದ ಗಾಳಿ ಬಿಡಬೇಡಿ. ಟೈರು ಬಿಸಿಯಾದ್ರೆ ಒತ್ತಡ ಏರೋದು ಸಹಜ, 100 ಪಾಯಿಂಟ್ ಇರೋ ಟೈರಲ್ಲಿ ಐದಾರು ಡಿಗ್ರಿಗೆ ಎರಡು ಪಾಯಿಂಟ್ ಲೆಕ್ಕ. ಆಗ ಬಿಟ್ರೆ ಮಾರನೇ ಬೆಳಗ್ಗೆ ತಣ್ಣಗಾದಾಗ ಕಮ್ಮಿ ಇರುತ್ತೆ, ಕಮ್ಮಿ ಇದ್ದದ್ದು ಮತ್ತೆ ಹೆಚ್ಚು ಬಿಸಿಯಾಗುತ್ತೆ. ಹೈವೇಲಿ ನಿಂತಾಗ ಆರೂ ಟೈರು ಕೈಯಿಟ್ಟು ನೋಡಿ, ಒಂದು ಮಾತ್ರ ಉಳಿದವಕ್ಕಿಂತ ಸುಡ್ತಿದ್ರೆ ಅಲ್ಲಿ ಗಾಳಿ ಕಮ್ಮಿ ಇರಬೇಕು, ಇಲ್ಲ ಬ್ರೇಕ್ ಹಿಡೀತಿರಬೇಕು. ಗಾಡಿ ಮುಂದೆ ತಗೋಬೇಡಿ.

ಖಾಲಿಗೆ ಇಳಿಸಿ ಲೋಡಿಗೆ ಏರಿಸೋದು ದಿನಾ ಆಗೋ ಕೆಲಸ ಅಲ್ಲ. ನಾನು ಹೊರೋ ಹೆಚ್ಚಿನ ಲೋಡಿಗೆ ಎಷ್ಟು ಬೇಕೋ ಅಷ್ಟೇ ಇಟ್ಟಿರ್ತೀನಿ. ಖಾಲಿಯಲ್ಲಿ ಗಾಡಿ ಕುಲುಕುತ್ತೆ, ಮಳೆಯಲ್ಲಿ ಹಿಡಿತ ಸ್ವಲ್ಪ ಕಮ್ಮಿ, ನಿಧಾನಕ್ಕೆ ಓಡಿಸ್ತೀನಿ.

ಇನ್ನೊಂದು, ಗೇಜ್ ಹಿಡಿದು ಬಗ್ಗಿದಾಗಲೇ ಎರಡು ಟೈರಿನ ಸಂದಿ ನೋಡಿ. ಗದ್ದೆ ದಾರಿ, ನಾಲೆ ಏರಿ ಮೇಲೆ ಓಡಿಸಿದ್ರೆ ಕಲ್ಲು ಸಿಕ್ಕಿಕೊಂಡಿರುತ್ತೆ. ಅದು ಎರಡೂ ಪಕ್ಕೆಯನ್ನ ಒಟ್ಟಿಗೆ ಕೊರೆಯುತ್ತೆ, ವೇಗದಲ್ಲಿ ಸಿಡಿದ್ರೆ ಹಿಂದೆ ಬೈಕಲ್ಲಿ ಬರೋರಿಗೆ ಬಡಿಯುತ್ತೆ. ಟಾರ್ ರೋಡಿಗೆ ಹತ್ತೋ ಮುಂಚೆ ನಿಲ್ಲಿಸಿ, ಸಣ್ಣ ಹಾರೆಯಲ್ಲಿ ಮೀಟಿ ತೆಗೀರಿ.