ಗಂಬೋರೊ ವಿಪಿ2 ಪ್ರೋಟೀನ್ ಪೂರ್ತಿ ಪೆಲೆಟ್‌ಗೇ ಹೋಗುತ್ತಿದೆ, ಏನು ಮಾಡಲಿ?

ಕೋಳಿಮನೆ:
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಕೋಳಿಗಳ ಗಂಬೋರೊ ವೈರಸ್‌ನ ವಿಪಿ2 ಪ್ರೋಟೀನನ್ನು (ವೈರಸ್‌ನ ಹೊರಕವಚದ ಪ್ರೋಟೀನ್) ಲಸಿಕೆಗಾಗಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತಿದ್ದೇನೆ. ಜೀನ್ ಹೊತ್ತೊಯ್ಯಲು ಪಿಇಟಿ28ಎ ವೆಕ್ಟರ್, ಬ್ಯಾಕ್ಟೀರಿಯಾ ಬಿಎಲ್21 ಡಿಇ3 ಸ್ಟ್ರೇನ್. ಒಡಿ (ಕಲ್ಚರ್ ಎಷ್ಟು ದಟ್ಟ ಎಂಬ ಅಳತೆ) 0.6 ಆದಾಗ, ಜೀನ್ ಚಾಲೂ ಮಾಡುವ ಐಪಿಟಿಜಿ 1 ಮಿಲಿಮೋಲಾರ್ ಹಾಕಿ, 37 ಡಿಗ್ರಿಯಲ್ಲಿ 4 ಗಂಟೆ ಬಿಟ್ಟೆ. ಜೆಲ್‌ನಲ್ಲಿ ದಪ್ಪ ಬ್ಯಾಂಡ್ ಬಂತು. ಆದರೆ ಸೋನಿಕೇಟ್ ಮಾಡಿ (ಶಬ್ದದ ಅಲೆಯಿಂದ ಕೋಶ ಒಡೆದು) ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎಲ್ಲವೂ ತಳದ ಪೆಲೆಟ್‌ನಲ್ಲಿ, ಮೇಲಿನ ತಿಳಿಯಲ್ಲಿ ಏನೂ ಇಲ್ಲ. 8 ಮೋಲಾರ್ ಯೂರಿಯಾದಲ್ಲಿ ಕರಗಿತು, ನಿಕ್ಕಲ್ ಕಾಲಮ್‌ಗೂ ಹಿಡಿಯಿತು. ಯೂರಿಯಾ ತೆಗೆಯಲು ರಾತ್ರಿ ಡಯಾಲಿಸಿಸ್‌ಗೆ ಇಟ್ಟು ಬೆಳಿಗ್ಗೆ ನೋಡಿದರೆ ಒಡೆದ ಹಾಲಿನ ಹಾಗೆ ಬಿಳಿ ಗಸಿ. ಮೂರು ಸಲವೂ ಇದೇ ಕಥೆ.

ಹಿಸ್ ಟ್ಯಾಗ್ (ನಿಕ್ಕಲ್‌ಗೆ ಅಂಟಲೆಂದು ಪ್ರೋಟೀನ್‌ಗೆ ಸೇರಿಸಿದ ತುಣುಕು) ಗುರುತಿಸುವ ಆಂಟಿಬಾಡಿ ಹಾಕಿದ ವೆಸ್ಟರ್ನ್ ಬ್ಲಾಟ್ ಮಾತ್ರ ಚೆನ್ನಾಗಿದೆ. ಹಾಗಾದರೆ ಹೇಗೋ ರೀಫೋಲ್ಡ್ ಮಾಡಿ (ಮತ್ತೆ ಮಡಚಿಸಿ) ಮರಿಗಳಿಗೆ ಕೊಟ್ಟು ನೋಡಬಹುದಾ?

ಇದು ನನಗೆ ಸುಮ್ನೆ ಥೀಸಿಸ್ ಅಲ್ಲ. ನಮ್ಮ ಮನೆಯಲ್ಲೇ ಬ್ರಾಯ್ಲರ್ ಶೆಡ್ ಇದೆ. ಒಂದು ಬ್ಯಾಚ್‌ನಲ್ಲಿ ನಾಲ್ಕು ವಾರದ ಮರಿಗಳಿಗೆ ಗಂಬೋರೊ ಬಂತು. ಬರ್ಸಾ (ಕೋಳಿಯ ರೋಗನಿರೋಧಕ ಅಂಗ) ಹಾಳಾದ ಮೇಲೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯೂ ಹಿಡಿಯಲಿಲ್ಲ. ಅಪ್ಪ ಸತ್ತ ಮರಿಗಳನ್ನು ಬುಟ್ಟಿಯಲ್ಲಿ ತುಂಬುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ.

ಹಳೆಯ ಪಿಪೆಟ್:
ಈಗಲೇ ಮರಿಗಳಿಗೆ ಕೊಡಬೇಡಿ ತಮ್ಮಾ. ಹಿಸ್ ಆಂಟಿಬಾಡಿ ಟ್ಯಾಗನ್ನು ಮಾತ್ರ ಗುರುತಿಸುತ್ತದೆ, ವಿಪಿ2 ಆಕಾರದ ಬಗ್ಗೆ ಏನೂ ಹೇಳುವುದಿಲ್ಲ. ಈ ವೈರಸ್ಸನ್ನು ತಡೆಯುವ ಆಂಟಿಬಾಡಿಗಳು ಹಿಡಿಯುವುದು ಸರಿಯಾಗಿ ಮಡಚಿಕೊಂಡ ವಿಪಿ2ವನ್ನು. ಯೂರಿಯಾ ಆ ಆಕಾರವನ್ನೇ ಬಿಚ್ಚಿ ಹಾಕುತ್ತದೆ. ಎಲೈಸಾ ಪರೀಕ್ಷೆಯಲ್ಲಿ ಟೈಟರ್ (ಆಂಟಿಬಾಡಿ ಮಟ್ಟ) ಜಾಸ್ತಿ ಬಂದರೂ ಮರಿ ಉಳಿಯದೇ ಇರಬಹುದು. ಬಿಸಿ ಮಾಡದ, ಎಸ್‌ಡಿಎಸ್ (ಪ್ರೋಟೀನ್ ಬಿಚ್ಚುವ ಡಿಟರ್ಜೆಂಟ್) ಹಾಕದ ಸ್ಯಾಂಪಲನ್ನು ಡಾಟ್ ಬ್ಲಾಟ್ ಮಾಡಿ (ಪೊರೆಯ ಮೇಲೆ ಚುಕ್ಕೆಯಾಗಿ ಇಟ್ಟು), ವೈರಸ್ಸನ್ನು ನ್ಯೂಟ್ರಲೈಸ್ ಮಾಡುವ ಮಾನೊಕ್ಲೋನಲ್ ಆಂಟಿಬಾಡಿಯಿಂದ ನೋಡಿ.

ಒಂದು ಸಮಾಧಾನ. ವಿಪಿ2ಗೆ ಸಕ್ಕರೆ ಸರಪಳಿ ಬೇಕಿಲ್ಲ, ಹಾಗಾಗಿ ಅದನ್ನು ಜೋಡಿಸಲಾರದ ಬ್ಯಾಕ್ಟೀರಿಯಾ ಸಾಕು. ಸಕ್ಕರೆ ಸರಪಳಿ ಇರುವ, ಕೊಕ್ಕರೆ ರೋಗದ ವೈರಸ್‌ನ ಎಚ್‌ಎನ್ ಪ್ರೋಟೀನ್ ಆಗಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಶೇಕರ್ ರೂಮ್:
ಪಿಪೆಟ್ ಮೇಡಂ ಹೇಳಿದ್ದು ಸರಿ. ರೀಫೋಲ್ಡಿಂಗ್ ಬಿಟ್ಟು ಮೊದಲು ಚಳಿ ಕೊಡಿ. ಒಡಿ 0.6 ಆದ ತಕ್ಷಣ ಫ್ಲಾಸ್ಕನ್ನು ಐಸ್‌ನಲ್ಲಿ 20 ನಿಮಿಷ ಇಡಿ. ಐಪಿಟಿಜಿ 0.1 ಮಿಲಿಮೋಲಾರ್ ಸಾಕು. ಆಮೇಲೆ 18 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ನಿಧಾನವಾಗಿ ತಯಾರಾದರೆ ಮಡಚಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಆಗಲೂ ಕರಗದಿದ್ದರೆ ಮುಂದೆ ಸುಮೊ ಟ್ಯಾಗ್ (ಕರಗಲು ನೆರವಾಗುವ ಪುಟ್ಟ ಪ್ರೋಟೀನ್) ಸೇರಿಸಿ.

ಅಂದ ಹಾಗೆ, ಜೀನ್ ಎಲ್ಲಿಗೆ ನಿಲ್ಲಿಸಿದ್ದೀರಿ? 512ನೇ ಅಮೈನೊ ಆಮ್ಲದ ತನಕ ಇಟ್ಟಿದ್ದರೆ ಆ ಬಾಲ ಕಣ ಕಟ್ಟಿಕೊಳ್ಳಲು ಅಡ್ಡಿ. 441ಕ್ಕೆ ಕತ್ತರಿಸಿದರೆ 60 ವಿಪಿ2 ಸೇರಿ, ಸುಮಾರು 23 ನ್ಯಾನೊಮೀಟರ್‌ನ ಪುಟ್ಟ ಚೆಂಡು ತಾನಾಗಿ ಆಗುತ್ತದೆ. ಲಸಿಕೆಗೆ ಬೇಕಾದದ್ದು ಅದೇ ಅಲ್ವಾ?

ಕೋಳಿಮನೆ:
ಸರ್, 512ರ ತನಕವೇ ಇಟ್ಟಿದ್ದೆ! 441ಕ್ಕೆ ಹೊಸ ಪ್ರೈಮರ್ ತರಿಸಿ ಮತ್ತೆ ಕ್ಲೋನ್ ಮಾಡಿದೆ. 18 ಡಿಗ್ರಿಯಲ್ಲಿ ಸುಮಾರು ಅರ್ಧದಷ್ಟು ತಿಳಿಯಲ್ಲೇ ಉಳಿದಿದೆ. ಮೇಡಂ ಹೇಳಿದ ಡಾಟ್ ಬ್ಲಾಟ್‌ನಲ್ಲಿ ಕಪ್ಪು ಚುಕ್ಕೆ ಸ್ಪಷ್ಟವಾಗಿ ಬಂದಿದೆ, ಯೂರಿಯಾದ ಸ್ಯಾಂಪಲ್ ಇಟ್ಟ ಜಾಗ ಖಾಲಿ. ಸೋಮವಾರ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಗ್ರಿಡ್ ಕೊಡುತ್ತಿದ್ದೇನೆ. ಚೆಂಡು ಕಂಡರೆ ಚಿತ್ರ ಇಲ್ಲೇ ಹಾಕುತ್ತೇನೆ.